ಕತ್ತಿನ ಗಂಟು: ಕಿವಿ-ಮೂಗು-ಗಂಟಲು ಡಾಕ್ಟರ್ ಜೊತೆ ಪ್ರಶ್ನೋತ್ತರ

ಹಾವೇರಿಯ ತಾಯಿ: ಸರ್, ಮಗನಿಗೆ 5 ವರ್ಷ. ಕತ್ತಿನ ಹಿಂದೆ ಕಡಲೆಕಾಳಿನಷ್ಟು ಎರಡು ಗಂಟು. ಆಡುತ್ತಾನೆ, ಚೆನ್ನಾಗಿ ಉಣ್ಣುತ್ತಾನೆ. ಭಯ ಆಗಿದೆ.

ಡಾಕ್ಟರ್: ತಲೆಯಲ್ಲಿ ಹೇನು, ಕಜ್ಜಿ ಇದೆಯಾ ನೋಡಿ. ನೆಗಡಿ ಬಂದು ಹೋದ ಮೇಲೂ ಮಕ್ಕಳಿಗೆ ಇಂಥ ಸಣ್ಣ ಗಂಟು ಉಳಿಯುತ್ತದೆ. ದೊಡ್ಡದಾಗುತ್ತಾ ಹೋದರೆ ತೋರಿಸಿ.

ಕಲಬುರಗಿಯ ಅಕ್ಕ: ತಂಗಿಗೆ 22. ಕತ್ತಿನ ಬಲಕ್ಕೆ ಮೂರು ಗಂಟು, ಎರಡು ತಿಂಗಳಾಯಿತು. ನೋವಿಲ್ಲ, ಕೆಮ್ಮಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, 4 ಕೆಜಿ ಇಳಿದಿದ್ದಾಳೆ. ಆಂಟಿಬಯೋಟಿಕ್ ಎರಡು ಸಲ ಆಯಿತು. ಸುಣ್ಣ-ಬೆಲ್ಲ ಹಚ್ಚಿದೆವು. ಈಗ ಕೊಯ್ಯಿಸಿ ಕೀವು ತೆಗೆಸಿ ಅಂತ ಮನೆಯವರು ಹೇಳುತ್ತಿದ್ದಾರೆ.

ಡಾಕ್ಟರ್: ಕೊಯ್ಯಿಸಬೇಡಿ ತಾಯಿ. ಇದು ಟಿಬಿ ಇರಬಹುದು, ಹಿಂದಿನವರು ಕಂಠಮಾಲೆ ಅನ್ನುತ್ತಿದ್ದರಲ್ಲ, ಅದು. ಕೆಮ್ಮಿಲ್ಲದೆಯೂ ಬರುತ್ತದೆ. ಕೊಯ್ದರೆ ಗಾಯ ಮಾಯದೆ ತಿಂಗಳುಗಟ್ಟಲೆ ಸೋರಬಹುದು. ಒಬ್ಬ ಹುಡುಗಿ ದುಪಟ್ಟಾ ಕತ್ತಿಗೆ ಸುತ್ತಿಕೊಂಡೇ ನನ್ನ ಮುಂದೆ ಕೂತಿದ್ದಳು, ಬಿಚ್ಚಿದರೆ ಸುಣ್ಣಕ್ಕೆ ಸುಟ್ಟ ಚರ್ಮ, ಅದರ ನಡುವೆ ಕೀವು ಜಿನುಗುವ ತೂತು. ಮೊದಲು ಎಫ್‌ಎನ್‌ಎಸಿ ಮಾಡಿಸಿ, ಅಂದರೆ ಗಂಟಿಗೆ ಸೂಜಿ ಹಾಕಿ ಸ್ವಲ್ಪ ಸ್ಯಾಂಪಲ್ ತೆಗೆಯುವುದು, ಅಷ್ಟೇ. ಅದೇ ಸ್ಯಾಂಪಲ್ ಸಿಬಿನಾಟ್‌ಗೂ, ಅಂದರೆ ಟಿಬಿ ರೋಗಾಣು ಹುಡುಕುವ ಪರೀಕ್ಷೆಗೂ, ಕಳಿಸಲು ಹೇಳಿ. ಎದೆಯ ಎಕ್ಸ್‌ರೇ ಕೂಡ ಬೇಕು. ಲಿಂಫೋಮಾ ಅನ್ನೋ ಕ್ಯಾನ್ಸರ್ ಕೂಡ ಹೀಗೇ ಶುರುವಾಗುತ್ತದೆ, ಅದಕ್ಕೇ ಪರೀಕ್ಷೆಗೆ ಮುಂಚೆ ಸ್ಟೀರಾಯ್ಡ್ ಬೇಡ, ಗಂಟು ಇಳಿದು ರೋಗವೇ ಮರೆಯಾಗುತ್ತದೆ. ಟಿಬಿ ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ಸಾಮಾನ್ಯವಾಗಿ 6 ತಿಂಗಳು. ನಿಕ್ಷಯ್ ಪೋಷಣ್ ಅನ್ನೋ ಸರ್ಕಾರಿ ಯೋಜನೆಯಲ್ಲಿ ಊಟಕ್ಕೆ ತಿಂಗಳಿಗೆ 1000 ರೂಪಾಯಿ ಬರುತ್ತದೆ. ನಡುವೆ ಗಂಟು ಇನ್ನಷ್ಟು ಊದಬಹುದು, ಆಗ ಮಾತ್ರೆ ಬಿಡಬೇಡಿ, ಬಂದು ತೋರಿಸಿ.

ಸದಸ್ಯ, ಹುಬ್ಬಳ್ಳಿ: ನಮ್ಮಣ್ಣನಿಗೆ ದವಡೆ ಕೆಳಗೆ ಗಟ್ಟಿ ಗಂಟು, ಅಲ್ಲಾಡುವುದಿಲ್ಲ. ಗುಟ್ಕಾ ಹಾಕುತ್ತಾನೆ. ಹುಳುಕು ಹಲ್ಲಿಗೆ ಹೀಗಾಗುತ್ತದೆ ಅಲ್ವಾ?

ಸದಸ್ಯ, ಮೈಸೂರು: ಕಾಂಚನಾರ ಗುಗ್ಗುಲು 40 ದಿನ ತಗೊಳ್ಳಿ, ಎಲ್ಲ ಗಂಟೂ ಕರಗುತ್ತದೆ. ಫಾರ್ವರ್ಡ್ ಹಾಕಿದ್ದೇನೆ.

ಡಾಕ್ಟರ್: ಆ 40 ದಿನ ರೋಗ ಸುಮ್ನೆ ಕೂರುವುದಿಲ್ಲ. ತೆಗೆದುಬಿಡಿ ಅದನ್ನ.

ಸದಸ್ಯೆ, ತುಮಕೂರು: ಥೈರಾಯ್ಡ್ ಇದ್ದರೂ ಗಂಟು ಬರುತ್ತದಾ?

ಸದಸ್ಯೆ, ಬೀದರ್: ಅಕ್ಕಾ, ತಂಗಿಗೆ ಟಿಬಿ ಅಂತ ಯಾರಿಗೂ ಹೇಳಬೇಡಿ. ಮದುವೆ ಆಗುವುದಿಲ್ಲ.

ಸದಸ್ಯೆ, ಶಿವಮೊಗ್ಗ: ಹೀಗೆ ಮುಚ್ಚಿಟ್ಟೇ ನಮ್ಮ ಅತ್ತಿಗೆ ಮಾತ್ರೆ ಅರ್ಧಕ್ಕೆ ಬಿಟ್ಟರು. ಇಂಥ ಬುದ್ಧಿ ಹೇಳಬೇಡಿ.

ಬೀದರ್: ನಿಮ್ಮ ಮನೆ ಹುಡುಗಿ ಆಗಿದ್ದರೆ?

ಶಿವಮೊಗ್ಗ: ನಮ್ಮ ಮನೆಯದೇ ಹೇಳಿದ್ದು, ಓದಲಿಲ್ವಾ?

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಶ್ವಾಸಕೋಶದಲ್ಲಿ ಇಲ್ಲದೆ ಬರೀ ಗಂಟಿನಲ್ಲಿದ್ದರೆ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ತಟ್ಟೆ-ಲೋಟ ಬೇರೆ ಇಡಬೇಡಿ.

ಸದಸ್ಯೆ, ಮಂಡ್ಯ: ಮಗಳಿಗೆ 6 ವರ್ಷ, ಕತ್ತಿನಲ್ಲಿ ಸಣ್ಣ ಗಂಟು...

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ಡಾಕ್ಟರ್: ಹುಬ್ಬಳ್ಳಿಯವರೇ, ನಿಮ್ಮ ಪ್ರಶ್ನೆ ಈ ಜಗಳದಲ್ಲಿ ಈಗಷ್ಟೇ ಕಣ್ಣಿಗೆ ಬಿತ್ತು. ಹಲ್ಲಿನ ಗಂಟು ಸಾಮಾನ್ಯವಾಗಿ ನೋಯುತ್ತದೆ. ಅಣ್ಣನದು ನೋಯುತ್ತದಾ? ಬಾಯಿ ಪೂರ್ತಿ ತೆರೆಯುತ್ತಾರಾ? ನಾಲಿಗೆ, ಕೆನ್ನೆ ಒಳಗೆ ಮಾಯದ ಹುಣ್ಣು ಇದೆಯಾ? ಟಾರ್ಚ್ ಹಾಕಿ ಈಗಲೇ ನೋಡಿ ಬರೆಯಿರಿ. ಏನೂ ಕಾಣದಿದ್ದರೂ ನಾಳೆ ಕರೆದುಕೊಂಡು ಹೋಗಿ.