ಹಳೆಯ 10 ಬೋರ್ ಜೋಡಿನಳಿಗೆ ಕೋವಿ: ಒಂದು ಟ್ರಿಗರ್ ಒತ್ತಿದರೆ ಎರಡೂ ಈಡು ಹಾರುತ್ತಿವೆ

ಪ್ರಶ್ನೆ ಕೇಳಿದವರು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಒಂದು ಹಳೆಯ ಇಂಗ್ಲಿಷ್ 10 ಬೋರ್ ಕೋವಿ ಇದೆ. ಹ್ಯಾಮರ್ ಹೊರಗಿರುವಂಥದ್ದು, ಡಮಾಸ್ಕಸ್ ನಳಿಗೆ (ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದದ್ದು). ನಳಿಗೆಯ ತಳದಲ್ಲಿ ವಜ್ರದ ಆಕಾರದ ಗೆರೆಯೊಳಗೆ 10, ಅದರ ಕೆಳಗೆ ಸಿ ಎಂಬ ಗುರುತು. ಹೊಗೆ ಬಾರದ ಈಗಿನ ಮದ್ದಿಗೆ ಪರೀಕ್ಷೆ ಆಗಿದೆ ಅನ್ನುವ ನೈಟ್ರೋ ಗುರುತು ಎಲ್ಲೂ ಇಲ್ಲ. ಹಾಗಾಗಿ ಕರಿಮದ್ದಿನ ತೋಟೆ ಮಾತ್ರ ಹಾಕುತ್ತೇನೆ.

ತೊಂದರೆ ಏನಂದ್ರೆ, ಮುಂದಿನ ಟ್ರಿಗರ್ ಒತ್ತಿ ಬಲ ನಳಿಗೆ ಹೊಡೆದಾಗ ಕೆಲವು ಸಲ ಎಡ ನಳಿಗೆಯೂ ಜೊತೆಗೇ ಹಾರುತ್ತದೆ. ಮೊದಲ ಸಲ ಭುಜ ಹಿಡಿದುಕೊಂಡು ಕೂತುಬಿಟ್ಟೆ. ಮನೆಯಲ್ಲಿ ಡಮ್ಮಿ ತೋಟೆ ಹಾಕಿ ಎಷ್ಟು ಸಲ ಒತ್ತಿದರೂ ಹೀಗೆ ಆಗುವುದಿಲ್ಲ. ಏನಿರಬಹುದು?

ಮೊದಲ ಉತ್ತರ:

ಸಿಯರ್, ಅಂದ್ರೆ ಎಳೆದ ಹ್ಯಾಮರನ್ನು ಹಿಡಿದಿಡುವ ಕೊಕ್ಕೆ, ಸವೆದಿರುತ್ತದೆ ಸರ್. ಲಾಕ್ (ಹ್ಯಾಮರ್ ನಡೆಸುವ ಯಂತ್ರಭಾಗ) ಬಿಚ್ಚಿ ಸಿಯರ್ ಮೂತಿಯನ್ನು ಸಾಣೆಕಲ್ಲಿಗೆ ಸ್ವಲ್ಪ ಉಜ್ಜಿ ಚೂಪು ಮಾಡಿ. ಸರಿಹೋಗುತ್ತದೆ.

ಎರಡನೇ ಉತ್ತರ:

ದಯವಿಟ್ಟು ಸಾಣೆಕಲ್ಲು ಮುಟ್ಟಬೇಡಿ! ಈ ಹಳೆಯ ಲಾಕ್‌ಗಳಲ್ಲಿ ಸಿಯರ್ ಮತ್ತು ಟಂಬ್ಲರ್‌ನ (ಹ್ಯಾಮರ್ ಜೊತೆ ತಿರುಗುವ ಒಳಭಾಗ) ಮೇಲ್ಮೈ ಮಾತ್ರ ಗಟ್ಟಿ. ಆ ತೆಳು ಪದರ ಉಜ್ಜಿ ಹೋದರೆ ಒಳಗೆ ಮೆತ್ತಗಿನ ಕಬ್ಬಿಣ. ಇವತ್ತು ಸರಿಯಾದಂತೆ ಕಾಣುತ್ತದೆ, ಕೆಲವೇ ದಿನದಲ್ಲಿ ಮೊದಲಿಗಿಂತ ಕೆಟ್ಟದಾಗುತ್ತದೆ. ಕಾರಣ ಗೊತ್ತಾಗುವ ತನಕ ಒಂದು ನಳಿಗೆಗೆ ಮಾತ್ರ ತೋಟೆ ಹಾಕಿ. ಎರಡನ್ನೂ ತುಂಬಲೇಬೇಡಿ.

ಈಗ ಕಾರಣ ಹುಡುಕೋಣ. ಎರಡೂ ಒಟ್ಟಿಗೆ ಹಾರುವುದಕ್ಕೆ ಬೆರಳೂ ಕಾರಣ ಆಗಬಹುದು, ಲಾಕೂ ಆಗಬಹುದು. ಈಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಆಗ ಮುಂದಿನ ಟ್ರಿಗರ್ ಒತ್ತಿದ ಬೆರಳು ಜಾರಿ ಹಿಂದಿನ ಟ್ರಿಗರನ್ನೂ ಒತ್ತಿಬಿಡುವುದು ಉಂಟು. ಆದರೂ ನನಗೆ ಎಡ ಲಾಕ್ ಮೇಲೇ ಹೆಚ್ಚು ಅನುಮಾನ. ಸಿಯರ್ ಮೂತಿ ಟಂಬ್ಲರ್‌ನ ಕಚ್ಚಿನೊಳಗೆ ಪೂರ್ತಿ ಕೂರದೆ ತುದಿಯಲ್ಲಿ ನಿಂತಿರಬಹುದು. ಮನೆಯಲ್ಲಿ ಬರೀ ಒತ್ತಿದರೆ ಅಷ್ಟೇ ಹಿಡಿತ ಸಾಕಾಗುತ್ತದೆ. 10 ಬೋರಿನ ಒದೆತಕ್ಕೆ ಸಾಕಾಗುವುದಿಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ. ಎರಡೂ ನಳಿಗೆ ಖಾಲಿ ಇದೆಯಾ ಅಂತ ಕಣ್ಣಾರೆ ನೋಡಿ, ಡಮ್ಮಿ ಹಾಕಿ, ಎರಡೂ ಹ್ಯಾಮರ್ ಎಳೆದು ನಿಲ್ಲಿಸಿ. ಆಮೇಲೆ ಒಂದೊಂದೇ ಟ್ರಿಗರನ್ನು ಉಗುರಿನಿಂದ ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಒತ್ತಬೇಡಿ, ಸುಮ್ನೆ ಅಲ್ಲಾಡಿಸಿ. ಕೂದಲೆಳೆಯಷ್ಟಾದರೂ ಸಡಿಲ ಇರಬೇಕು. ಇನ್ನೊಂದು ವಿಷಯ: ಇತ್ತೀಚೆಗೆ ಈ ಕೋವಿಗೆ ಏನಾದರೂ ಕೆಲಸ ಮಾಡಿದ್ದೀರಾ?

ಪ್ರಶ್ನೆ ಕೇಳಿದವರು:

ನೀವು ಹೇಳಿದ ಹಾಗೇ ನೋಡಿದೆ. ಮುಂದಿನ ಟ್ರಿಗರ್ ಟಿಕ್ ಟಿಕ್ ಅಂತ ಅಲ್ಲಾಡುತ್ತದೆ. ಹಿಂದಿನದು ಅಂಟಿಸಿಟ್ಟ ಹಾಗೆ ಬಿಗಿ.

ಕೆಲಸ ಅಂದ್ರೆ, ಸ್ಟಾಕಿನ ಮರದಲ್ಲಿ ಹಳೆಯ ಎಣ್ಣೆ ಇಳಿದು ಕಪ್ಪಾಗಿತ್ತು. ಬಿಚ್ಚಿ, ಎಣ್ಣೆ ತೆಗೆದು, ಒಣಗಿಸಿ ಮತ್ತೆ ಜೋಡಿಸಿದ್ದೆ. ಮರ ಸ್ವಲ್ಪ ಸಡಿಲ ಅನ್ನಿಸಿತು ಅಂತ ಸ್ಕ್ರೂಗಳನ್ನು ಚೆನ್ನಾಗಿ ಬಿಗಿ ಮಾಡಿದೆ.

ಎರಡನೇ ಉತ್ತರ ಕೊಟ್ಟವರು:

ಸಿಕ್ಕಿತು ನೋಡಿ. ಒಣಗಿದಾಗ ಮರ ಕುಗ್ಗಿದೆ. ನೀವು ಸ್ಕ್ರೂ ಬಿಗಿ ಮಾಡಿದಾಗ ಟ್ರಿಗರ್ ಕೂತಿರುವ ಪಟ್ಟಿ ಮೇಲಕ್ಕೆ ಬಂದಿದೆ. ಹಿಂದಿನ ಟ್ರಿಗರ್‌ನ ಅಲಗು ಸಿಯರ್ ಬಾಲವನ್ನು ಸದಾ ಎತ್ತಿ ಹಿಡಿದಿದೆ. ಬಾಲ ಮೇಲೆ ಹೋದರೆ ಮೂತಿ ಕಚ್ಚಿನಿಂದ ಹೊರಗೆ ಬರುತ್ತದೆ. ಅಂದರೆ ಹಿಂದಿನ ಟ್ರಿಗರನ್ನು ಯಾರೋ ಅರ್ಧ ಒತ್ತಿ ಹಿಡಿದಂತೆಯೇ ನೀವು ಇಷ್ಟು ದಿನ ಹೊಡೆದಿದ್ದೀರಿ.

ಕೆಳಗಿನ ಸ್ಕ್ರೂಗಳ ತಲೆ ನೋಡಿ. ಒಳ್ಳೆಯ ಕೆಲಸಗಾರರು ಸ್ಕ್ರೂ ಸೀಳುಗಳೆಲ್ಲ ಕೋವಿಯ ಉದ್ದಕ್ಕೆ ನೇರ ನಿಲ್ಲುವ ಹಾಗೆ ಕೂರಿಸಿರುತ್ತಾರೆ. ನಿಮ್ಮದು ಅಡ್ಡ ತಿರುಗಿದ್ದರೆ ಎಷ್ಟು ಜಾಸ್ತಿ ಬಿಗಿಯಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬಳಸಿ, ಇಲ್ಲದಿದ್ದರೆ ತಲೆ ಕಿತ್ತು ಹಾಳಾಗುತ್ತದೆ.

ಹಾಗಂತ ಸ್ಕ್ರೂ ಸಡಿಲ ಬಿಟ್ಟು ಹೊಡೆಯುವ ಹಾಗೂ ಇಲ್ಲ. ಮರ ಅಲುಗಾಡಿದರೆ ಒದೆತಕ್ಕೆ ಸೀಳುತ್ತದೆ. ಪಟ್ಟಿಗೂ ಮರಕ್ಕೂ ನಡುವೆ ಮರ ಕುಗ್ಗಿದಷ್ಟು ತುಂಬಿಸಿ ಕೂರಿಸಬೇಕು. ಅದನ್ನು ಹಳೆಯ ಕೋವಿ ಗೊತ್ತಿರುವ ಗನ್‌ಸ್ಮಿತ್ ಕೈಯಲ್ಲೇ ಮಾಡಿಸಿ.

ಎರಡು ಈಡು ಒಟ್ಟಿಗೆ ತಿಂದ ಕೋವಿ ಇದು, ಅದಕ್ಕೇ ಬೇರೆ ಏಟು ಬಿದ್ದಿದೆಯಾ ಅಂತಲೂ ನೋಡಿ. ಲಾಕ್ ಪಟ್ಟಿಯ ಹಿಂದೆ, ಕೈ ಹಿಡಿಯುವ ಸಣ್ಣ ಜಾಗದಲ್ಲಿ, ಕೂದಲಿನಂಥ ಬಿರುಕು ಹುಡುಕಿ. ಮುಂದಿನ ಮರ ಬಿಚ್ಚಿ ಕೋವಿಯನ್ನು ಅಲ್ಲಾಡಿಸಿ. ಮರ ಹಾಕಿದ್ದಾಗ ಅದರ ಸ್ಪ್ರಿಂಗ್ ಕೀಲಿನ ಸಡಿಲವನ್ನು ಮುಚ್ಚಿಡುತ್ತದೆ. ನಳಿಗೆಗಳನ್ನು ಬಿಡಿಯಾಗಿ ಕೊಕ್ಕೆಯಿಂದ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಂಟೆಯ ಹಾಗೆ ನಾದ ಎಳೆದರೆ ಬೆಸುಗೆ ಗಟ್ಟಿ ಇದೆ. ಗರಗರ ಅಂದರೆ ನಡುವಿನ ಪಟ್ಟಿ ಎಲ್ಲೋ ಬಿಟ್ಟಿದೆ.

ತೋಟೆಯ ಉದ್ದವನ್ನೂ ಕೇಳಿಬಿಡುತ್ತೇನೆ. ಆ ವಜ್ರದ ಗುರುತು ಇಂಗ್ಲೆಂಡಿನ ಕೋವಿ ಪರೀಕ್ಷೆಯ 1887ರ ನಿಯಮದಿಂದ ಬಂದದ್ದು. ಕೋಣೆಯ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ಉದ್ದವನ್ನು ಇಂಚಿನಲ್ಲಿ ಒತ್ತುವುದು ಶುರುವಾದದ್ದು 1925ರಿಂದ. ಹಾಗಾಗಿ ನಿಮ್ಮದನ್ನು ಅಳೆದೇ ತಿಳಿಯಬೇಕು. ಹಳೆಯ 10 ಬೋರಿನಲ್ಲಿ 2⅝ ಇಂಚೂ ಇದೆ, 2⅞ ಇಂಚೂ ಇದೆ. ಈಗಿನ 3½ ಇಂಚಿನ ಮ್ಯಾಗ್ನಂ ಇದಕ್ಕೆ ಬೇಡವೇ ಬೇಡ. ತೋಟೆ ಒಳಗೆ ಹೋಯಿತು ಅಂದಮಾತ್ರಕ್ಕೆ ಸರಿ ಅಲ್ಲ. ಬಾಯಿ ಮಡಚಿದ ತೋಟೆ ಗಿಡ್ಡ ಇರುತ್ತದೆ, ಹಾರಿದಾಗ ಬಿಚ್ಚಿಕೊಂಡು ಉದ್ದ ಆಗುತ್ತದೆ. ಡಬ್ಬಿಯ ಮೇಲೆ ಬರೆದಿರುವುದು ಬಿಚ್ಚಿಕೊಂಡ ಮೇಲಿನ ಉದ್ದ.

ಪ್ರಶ್ನೆ ಕೇಳಿದವರು:

ಸರ್, ಹಿಂದಿನ ಸ್ಕ್ರೂ ಸೀಳು ಸುಮಾರು ಕಾಲು ಸುತ್ತು ಅಡ್ಡ ನಿಂತಿತ್ತು. ನೇರಕ್ಕೆ ತಂದ ತಕ್ಷಣ ಹಿಂದಿನ ಟ್ರಿಗರ್ ಅಲ್ಲಾಡಿತು! ಗನ್‌ಸ್ಮಿತ್ ಮರ ತುಂಬಿಸಿ ಕೂರಿಸಿಕೊಟ್ಟರು. ಲಾಕ್ ಬಿಚ್ಚಿದಾಗ ಭೂತಗನ್ನಡಿಯಲ್ಲಿ ತೋರಿಸಿದರು: ಕಚ್ಚಿನ ಅಂಚಿನಲ್ಲಿ ದಾರದಷ್ಟು ತೆಳು ಹೊಳಪು ಗೆರೆ. ಸಿಯರ್ ಇಷ್ಟು ದಿನ ಅಲ್ಲೇ ನಿಂತಿತ್ತಂತೆ. ಅಂಚು ಮುರಿದಿಲ್ಲ, ಉಜ್ಜುವ ಕೆಲಸವೇ ಬರಲಿಲ್ಲ. ಬಿರುಕೂ ಇಲ್ಲ, ನಳಿಗೆ ಚೆನ್ನಾಗಿ ನಾದ ಕೊಡುತ್ತದೆ. ಕೋಣೆ 2⅞ ಇಂಚು, ನನ್ನ ತೋಟೆಯೂ ಅಷ್ಟೇ.

ಆಮೇಲೆ ಬಲಕ್ಕೆ ತೋಟೆ, ಎಡಕ್ಕೆ ಡಮ್ಮಿ ಹಾಕಿ, ಎರಡೂ ಹ್ಯಾಮರ್ ಎಳೆದು 20 ಈಡು ಹೊಡೆದೆ. ಎಡ ಹ್ಯಾಮರ್ ಒಂದು ಸಲವೂ ಬೀಳಲಿಲ್ಲ.

ಎರಡನೇ ಉತ್ತರ ಕೊಟ್ಟವರು:

ತುಂಬಾ ಸಂತೋಷ. ಈಗ ಅದಲು ಬದಲು ಮಾಡಿ, ಎಡಕ್ಕೆ ತೋಟೆ, ಬಲಕ್ಕೆ ಡಮ್ಮಿ, ಮತ್ತೆ 20. ಅದೂ ಸರಿ ಬಂದ ಮೇಲೆ ಎರಡನ್ನೂ ತುಂಬಿ. ಮಳೆಗಾಲ ಬೇಸಿಗೆ ಬದಲಾದಾಗಲೆಲ್ಲ ಉಗುರಿನಿಂದ ಆ ಎರಡು ಟ್ರಿಗರನ್ನು ಒಮ್ಮೆ ಅಲ್ಲಾಡಿಸಿ ನೋಡಿ.