ಕೀಟ್ರ್ಯಾಪ್ ಭಯಕ್ಕೆ ಡಿಎನ್‌ಎಸ್‌ಸೆಕ್ ಪರಿಶೀಲನೆಯನ್ನೇ ನಿಲ್ಲಿಸಬಹುದೇ?

ಪ್ರಶ್ನೆ:
ನಮ್ಮ ಕಾಲೇಜಿನ ಡಿಎನ್‌ಎಸ್ ಸರ್ವರ್ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಮೇಲೆ ನಡೆಯುತ್ತಿದ್ದು, ಅದರ ಡಿಎನ್‌ಎಸ್ ತಂತ್ರಾಂಶವಾದ ಬೈಂಡ್‌ನ ಆವೃತ್ತಿ 9.11.36 ಎಂದು ತೋರಿಸುತ್ತದೆ. 2024ರ ಫೆಬ್ರುವರಿಯಲ್ಲಿ ಬಯಲಾದ ಕೀಟ್ರ್ಯಾಪ್ ದೋಷವನ್ನು (ಡಿಎನ್‌ಎಸ್‌ಸೆಕ್ ಪರಿಶೀಲಿಸುವ ಸರ್ವರನ್ನು ಸ್ತಬ್ಧಗೊಳಿಸುವ ದೋಷ) ಬೈಂಡ್ ತಯಾರಿಸುವ ಐಎಸ್‌ಸಿ ಸಂಸ್ಥೆ 9.16.48 ಮತ್ತು 9.18.24ರಲ್ಲಿ ಸರಿಪಡಿಸಿದೆ. ಪರೀಕ್ಷೆಗಳು ಮುಗಿಯುವವರೆಗೆ ಸರ್ವರ್ ಬದಲಿಸಲು ನಮಗೆ ಅನುಮತಿ ಸಿಗುವುದಿಲ್ಲ. ಅಲ್ಲಿಯವರೆಗೆ ಡಿಎನ್‌ಎಸ್‌ಸೆಕ್ ಪರಿಶೀಲನೆಯನ್ನು, ಅಂದರೆ ಡಿಎನ್‌ಎಸ್ ಉತ್ತರಗಳ ಡಿಜಿಟಲ್ ಸಹಿ ನೋಡುವುದನ್ನು, ನಿಲ್ಲಿಸಿದರೆ ಸಾಕೇ?

ಉತ್ತರ 1:
ಮೊದಲು ಆವೃತ್ತಿಯ ಸಂಖ್ಯೆಯನ್ನು ನಂಬುವುದನ್ನು ಬಿಡಿ. ರೆಡ್ ಹ್ಯಾಟ್‌ನವರು ಹಳೆಯ ಸಂಖ್ಯೆಯನ್ನೇ ಉಳಿಸಿಕೊಂಡು ಪರಿಹಾರವನ್ನು ಮಾತ್ರ ಹಿಂದಿನ ಕೋಡ್‌ಗೆ ಸೇರಿಸುತ್ತಾರೆ. ಆದ್ದರಿಂದ ಬೈಂಡ್ ಪ್ಯಾಕೇಜಿನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆರೆದು ಅದರಲ್ಲಿ ಕೀಟ್ರ್ಯಾಪ್‌ನ ಅಧಿಕೃತ ಗುರುತಾದ ಸಿವಿಇ-2023-50387 ಇದೆಯೇ ಎಂದು ಹುಡುಕಿ. ಇದ್ದರೆ ನಿಮ್ಮ ಚಿಂತೆ ಅಲ್ಲಿಗೇ ಮುಗಿಯಿತು, ಇಲ್ಲದಿದ್ದರೆ ಒಂದು ಸಾಮಾನ್ಯ ಅಪ್‌ಡೇಟ್ ಸಾಕು. ದೋಷದ ಬೇರು ಬೈಂಡ್‌ನಲ್ಲಷ್ಟೇ ಅಲ್ಲ, ಡಿಎನ್‌ಎಸ್‌ಸೆಕ್ ಮಾನದಂಡದಲ್ಲೇ ಇದೆ: ಒಂದೇ ಟ್ಯಾಗ್ (ಕೀಲಿಯ ಗುರುತು ಸಂಖ್ಯೆ) ಹೊತ್ತ ಹಲವು ಕೀಲಿಗಳೂ ಹಲವು ಸಹಿಗಳೂ ಬಂದರೆ, ಹೊಂದುವ ಜೋಡಿ ಸಿಗುವವರೆಗೆ ಎಲ್ಲವನ್ನೂ ಪರೀಕ್ಷಿಸಬೇಕೆಂದು ಅದು ಹೇಳುತ್ತಿತ್ತು. ಹೀಗಾಗಿ ಒಂದೇ ಉತ್ತರದಿಂದ ಬೈಂಡ್ 16 ಗಂಟೆಗಳವರೆಗೂ ಸ್ತಬ್ಧವಾಗಬಹುದೆಂದು ಸಂಶೋಧಕರು ತೋರಿಸಿದರು.

ಉತ್ತರ 2:
ಪರಿಶೀಲನೆ ನಿಲ್ಲಿಸಿದರೆ ಸರ್ವರ್ ಕೆಲಸ ನಿಲ್ಲಿಸದಿರಬಹುದು, ಆದರೆ ಸುಳ್ಳು ಉತ್ತರವನ್ನು ಗುರುತಿಸುವ ಶಕ್ತಿ ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡ ನಷ್ಟ. ಸುಳ್ಳು ಉತ್ತರವನ್ನು ನಂಬಿಸುವುದು ಎಷ್ಟು ಸುಲಭ ಎಂಬುದನ್ನು 2008ರಲ್ಲಿ ಭದ್ರತಾ ಸಂಶೋಧಕ ಡ್ಯಾನ್ ಕಾಮಿನ್ಸ್ಕಿ ತೋರಿಸಿದ್ದರು. ಸುಳ್ಳು ಉತ್ತರ ಊಹಿಸಿ ಹೊಂದಿಸಬೇಕಾದ ಪ್ರಶ್ನೆಯ ಗುರುತಿನ ಸಂಖ್ಯೆಗೆ ಇರುವುದು 65,536 ಸಾಧ್ಯತೆಗಳು ಮಾತ್ರ, ಮತ್ತು ಒಂದೇ ಡೊಮೇನ್‌ನ ಇಲ್ಲದ ಹೆಸರುಗಳನ್ನು ಒಂದರ ಹಿಂದೊಂದು ಕೇಳಿಸುತ್ತಾ ಹೋದರೆ ದಾಳಿಕೋರನಿಗೆ ಪ್ರತಿ ಸಲವೂ ಹೊಸ ಅವಕಾಶ. ಅಂದಿನ ಪರಿಹಾರವೆಂದರೆ ಪ್ರತಿ ಪ್ರಶ್ನೆಯನ್ನೂ ಊಹಿಸಲಾಗದ ಪೋರ್ಟ್‌ನಿಂದ ಕಳುಹಿಸುವುದು. ಅಂದಹಾಗೆ, ನಿಮ್ಮ ಕಾನ್ಫಿಗ್ ಫೈಲಿನಲ್ಲಿ ಕ್ವೆರಿ-ಸೋರ್ಸ್ ಸಾಲು (ಪ್ರಶ್ನೆಗಳು ಯಾವ ಪೋರ್ಟ್‌ನಿಂದ ಹೊರಡಬೇಕೆಂದು ಹೇಳುವ ಸಾಲು) ಎಲ್ಲ ಪ್ರಶ್ನೆಗಳನ್ನೂ ಪೋರ್ಟ್ 53ಕ್ಕೆ ಕಟ್ಟಿಹಾಕಿದೆಯೇ? ಹಳೆಯ ಸರ್ವರ್‌ಗಳಲ್ಲಿ ಅದು ಇನ್ನೂ ಉಳಿದಿರುತ್ತದೆ.

ಪ್ರಶ್ನೆ ಕೇಳಿದವರು:
ಚೇಂಜ್‌ಲಾಗ್‌ನಲ್ಲಿ ಆ ಸಿವಿಇ ಇದೆ, ಆದ್ದರಿಂದ ಪರಿಶೀಲನೆಯನ್ನು ಹಾಗೆಯೇ ಬಿಟ್ಟಿದ್ದೇನೆ. ಆದರೆ ನೀವು ಹೇಳಿದ ಸಾಲೂ ಇತ್ತು, ನನಗಿಂತ ಹಿಂದೆ ಇದ್ದವರು ಬರೆದದ್ದು. ಅದನ್ನು ತೆಗೆದ ಮೇಲೆ ಫೈರ್‌ವಾಲ್‌ನ ಹೊರಬದಿಯಲ್ಲಿ ಪ್ಯಾಕೆಟ್‌ಗಳನ್ನು ಹಿಡಿದು ನೋಡಿದರೆ, ಪೋರ್ಟ್‌ಗಳು 1024, 1025, 1026 ಎಂದು ಸಾಲಾಗಿ ಏರುತ್ತಿವೆ!

ಉತ್ತರ 2:
ಅದು ಬೈಂಡ್‌ನ ತಪ್ಪಲ್ಲ. ಬೈಂಡ್ ಮನಬಂದಂತೆ ಆರಿಸಿದ ಪೋರ್ಟನ್ನು ನಿಮ್ಮ ಫೈರ್‌ವಾಲ್‌ನ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ತನ್ನ ಕ್ರಮಕ್ಕೆ ತಕ್ಕಂತೆ ಬದಲಿಸುತ್ತಿದೆ; 2008ರಲ್ಲೂ ಅನೇಕರ ಪರಿಹಾರ ಹೀಗೆಯೇ ವ್ಯರ್ಥವಾಗಿತ್ತು. ಸರ್ವರಿಗೆಂದೇ ಒಂದು ಪಬ್ಲಿಕ್ ಐಪಿ ಕೊಟ್ಟು, ಪೋರ್ಟ್ ಬದಲಿಸದ ಒಂದಕ್ಕೊಂದು ನ್ಯಾಟ್ ಮಾಡಿಸಿ, ಆಮೇಲೆ ಹೊರಬದಿಯಲ್ಲೇ ಮತ್ತೊಮ್ಮೆ ನೋಡಿ.