ಫುಲ್‌ಬ್ರೈಟ್–ನೆಹರೂ ಫೆಲೋಶಿಪ್: ಶಿಕಾಗೋ ಸರಿಯಾದ ಆಯ್ಕೆಯೇ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ)
ಮಾನ್ಯರೆ, ಸ್ವಿಟ್ಜರ್ಲೆಂಡ್ ಮೂಲದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮಂಗಳೂರು ಮುದ್ರಣಾಲಯವನ್ನು ಕುರಿತು ಪಿಎಚ್‌ಡಿ ಮಾಡುತ್ತಿದ್ದೇನೆ. ಭಾರತದಲ್ಲಿ ಪಿಎಚ್‌ಡಿಗೆ ನೋಂದಾಯಿಸಿಕೊಂಡವರು ಆರರಿಂದ ಒಂಬತ್ತು ತಿಂಗಳು ಅಮೆರಿಕದಲ್ಲಿದ್ದು ಸಂಶೋಧನೆ ನಡೆಸಲು ಭಾರತ, ಅಮೆರಿಕ ಸರ್ಕಾರಗಳ ಹಣದಿಂದ ನಡೆಯುವ ಫುಲ್‌ಬ್ರೈಟ್–ನೆಹರೂ ಫೆಲೋಶಿಪ್‌ನಲ್ಲಿ ಅವಕಾಶವಿರುವುದರಿಂದ, ಶಿಕಾಗೋ ವಿಶ್ವವಿದ್ಯಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡು ಅರ್ಜಿ ಸಿದ್ಧಪಡಿಸುತ್ತಿದ್ದೇನೆ. ಈ ಆಯ್ಕೆ ಸರಿಯೇ? ಮರಳಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ನಿಯಮದ ಅರ್ಥವೇನು?

ಉತ್ತರ 1 (ನಿವೃತ್ತ ಇತಿಹಾಸ ಪ್ರಾಧ್ಯಾಪಕ, ಮೈಸೂರು)
ಆಕರಗಳು ಎಲ್ಲಿವೆಯೋ ಅಲ್ಲಿಗೆ ಹೋಗಮ್ಮ. ಶಿಕಾಗೋದ ರೆಗೆನ್‌ಸ್ಟೈನ್ ಗ್ರಂಥಾಲಯದ ದಕ್ಷಿಣ ಏಷ್ಯಾ ಸಂಗ್ರಹ ದೊಡ್ಡದೇ. ಆದರೆ ಅಮೆರಿಕದ ಗ್ರಂಥಾಲಯಗಳಿಗೆ ಭಾರತೀಯ ಭಾಷೆಗಳ ಪುಸ್ತಕಗಳು ರಾಶಿ ರಾಶಿಯಾಗಿ ಹೋದದ್ದು 1962ರಿಂದೀಚೆಗೆ, ಅಮೆರಿಕದ ಆಹಾರ ನೆರವಿನ ಕಾನೂನಾದ ಪಿ.ಎಲ್. 480ರ ಅಡಿಯಲ್ಲಿ ನಾವು ತರಿಸಿಕೊಂಡ ಗೋಧಿಗೆ ತೆತ್ತ ರೂಪಾಯಿಗಳಿಂದ. ಸ್ವಾತಂತ್ರ್ಯೋತ್ತರ ಸಾಹಿತ್ಯ ಓದುವವರಿಗೆ ಅದು ನಿಧಿ. 1843ರಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಪತ್ರಿಕೆ ‘ಮಂಗಳೂರ ಸಮಾಚಾರ’ದ ಜಾಡು ಹಿಡಿದ ನಿನಗೆ ಅದರಿಂದ ಹೆಚ್ಚು ದಕ್ಕದು. ಮಿಶನರಿಗಳು ಇಲ್ಲಿಂದ ಕಳುಹಿಸಿದ ಪತ್ರ, ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿವೆ. ಅವುಗಳಲ್ಲಿ ಬಹಳಷ್ಟು ಹಳೆಯ ಜರ್ಮನ್ ಕೈಬರಹದಲ್ಲಿರುವುದರಿಂದ ಇಂದಿನ ಜರ್ಮನ್ ಬಲ್ಲವರೂ ತಡವರಿಸುತ್ತಾರೆ. ಆ ಲಿಪಿಯ ‘ಇ’ (e) ಅಕ್ಷರ ಕಣ್ಣಿಗೆ ‘ಎನ್’ (n) ನಂತೆಯೇ ಕಾಣುತ್ತದೆ. ಅದನ್ನು ಓದುವ ಅಭ್ಯಾಸವನ್ನು ಇಲ್ಲಿದ್ದಾಗಲೇ ಆರಂಭಿಸು. ವಿದೇಶಿ ಸಂಶೋಧಕರಿಗಾಗಿ ಸ್ವಿಸ್ ಸರ್ಕಾರದ ಎಕ್ಸಲೆನ್ಸ್ ಸ್ಕಾಲರ್‌ಶಿಪ್ ಇದೆ. ಅಲ್ಲಿನ ಪ್ರಾಧ್ಯಾಪಕರೊಬ್ಬರ ಒಪ್ಪಿಗೆ ಪತ್ರವನ್ನು ಮೊದಲು ಪಡೆಯಬೇಕು.

ಉತ್ತರ 2 (ಫೆಲೋಶಿಪ್ ಮುಗಿಸಿ ಬಂದವರು, ಬೆಂಗಳೂರು)
ಎರಡು ವರ್ಷದ ನಿಯಮ ಫೆಲೋಗಳಿಗೆ ಕೊಡುವ ಜೆ-1 ವೀಸಾಕ್ಕೆ, ಅಂದರೆ ಅಮೆರಿಕದ ವಿನಿಮಯ ಕಾರ್ಯಕ್ರಮಗಳ ವೀಸಾಕ್ಕೆ ಸಂಬಂಧಿಸಿದ್ದು. ಸರ್ಕಾರದ ಹಣದಲ್ಲಿ ಹೋದವರು ಒಟ್ಟು ಎರಡು ವರ್ಷ ಸ್ವದೇಶದಲ್ಲಿ ಇರುವವರೆಗೆ ಅಮೆರಿಕದ ಎಚ್-1ಬಿಯಂತಹ ಉದ್ಯೋಗ ವೀಸಾವನ್ನಾಗಲಿ ಕಾಯಂ ವಾಸದ ಪರವಾನಗಿಯನ್ನಾಗಲಿ ಪಡೆಯುವಂತಿಲ್ಲ. ವಿಚಾರ ಸಂಕಿರಣಕ್ಕೆಂದು ಹೋಗಿಬರಲು ಇದು ಅಡ್ಡಿಯಲ್ಲ. ಪ್ರಬಂಧ ಮುಗಿಸಲು ಹೇಗೂ ಊರಿಗೆ ಮರಳಲೇಬೇಕಾದ ನಿಮಗೆ ಇದು ಅಂಜುವ ಸಂಗತಿಯಲ್ಲ ಮೇಡಂ. ಆದರೆ ಮುಂದೆ ಅಲ್ಲೇ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ) ಹುದ್ದೆ ಹುಡುಕುವ ಯೋಚನೆಯಿದ್ದರೆ ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಉತ್ತರ 3 (ಅಧ್ಯಾಪಕಿ, ಶಿವಮೊಗ್ಗ)
ಪ್ರಾಧ್ಯಾಪಕರ ಮಾತಿಗೆ ನನ್ನ ಸಹಮತ ಅರ್ಧ ಮಾತ್ರ. ಹೊರದೇಶಕ್ಕೆ ಹೋಗುವುದು ಆಕರಗಳಿಗಾಗಿಯೇ ಆಗಬೇಕಿಲ್ಲ. ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ಪಡೆದು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಭಾಷಾವಿಜ್ಞಾನ ಕಲಿಯಲು. ಮುದ್ರಣದ ಇತಿಹಾಸವನ್ನು ಬರೆಯುವ ವಿಧಾನ ಕಲಿಯಬೇಕೆನಿಸಿದ್ದರೆ ಅಮೆರಿಕಕ್ಕೇ ಹೋಗಿ. ಆದರೆ ವಿಶ್ವವಿದ್ಯಾಲಯದ ಹೆಸರು ನೋಡಿ ಹೋಗಬೇಡಿ, ಯಾರ ಬರಹ ನಿಮ್ಮ ಅಧ್ಯಾಯಕ್ಕೆ ನೇರವಾಗಿ ಒದಗುತ್ತದೆಯೋ ಅವರಿದ್ದಲ್ಲಿಗೆ ಹೋಗಿ. ಅವರಿಗೆ ಬರೆಯುವ ಪತ್ರ ಒಂದು ಪುಟ ಮೀರದಿರಲಿ; ಅದರಲ್ಲಿ ಅವರ ಹೊಗಳಿಕೆಗಿಂತ, ನೀವು ಮಂಗಳೂರಿನಲ್ಲಿ ಈವರೆಗೆ ಏನು ನೋಡಿದ್ದೀರಿ, ಯಾವ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುತ್ತಿಲ್ಲ ಎಂಬುದು ಇರಲಿ.